ಸ್ವಾಗತದ ಹಲಗೆ

ಅಕ್ಟೋಬರ್ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಎವರಿಸ್ತೊ ಪೊಂಪೋನಿ ಮೊಂತೆಸೋರ್ದೊ ಊರಿನ ಚರ್ಚಿನ ಬಾಗಿಲಿನಿಂದ ಒಂದು ಚೀಟಿಯನ್ನು ಕಿತ್ತ.

ಚೀಟಿ ಅಂಗೈಯಷ್ಟಿತ್ತು. ಮೂವತ್ತೊಂದು ವರ್ಷದಿಂದ ಅಲ್ಲೇ ಇತ್ತು. ಅದರಲ್ಲಿ ಎರಡೇ ಸಾಲು: ‘ಕೀಲಿಕೈ ಬೇಕಾದರೆ ಎರ್ಸಿಲಿಯಾ ಅವರನ್ನು ಕೇಳಿ. ಹಸಿರು ಬಾಗಿಲು.’ ಊರಿನಲ್ಲಿ ಹಸಿರು ಬಾಗಿಲು ಇರುವುದು ಒಂದೇ ಆದ್ದರಿಂದ ಅಷ್ಟು ಸಾಕಾಗಿತ್ತು. ಚರ್ಚು ನೋಡಲು ಬೆಟ್ಟ ಹತ್ತಿ ಬಂದವರು ಚೀಟಿ ಓದಿ, ಹದಿನಾಲ್ಕು ಮೆಟ್ಟಿಲು ಇಳಿದು ಬಾಗಿಲು ತಟ್ಟುತ್ತಿದ್ದರು. ಎಪ್ಪತ್ತೆಂಟು ವರ್ಷದ ಎರ್ಸಿಲಿಯಾ ಒಲೆಯ ಉರಿ ಸಣ್ಣ ಮಾಡಿ, ಗೇಣುದ್ದದ ಕಬ್ಬಿಣದ ಕೀಲಿಕೈ ಹಿಡಿದು ಬಂದು ತೆರೆಯುತ್ತಿದ್ದರು.

ಎವರಿಸ್ತೊ ಅಂಚೆ ಕಚೇರಿಯಿಂದ ನಿವೃತ್ತನಾದವನು. ಜೂನ್ ತಿಂಗಳಲ್ಲಿ ಊರಿನ ಪ್ರವಾಸಿ ಸಮಿತಿಗೆ ಅಧ್ಯಕ್ಷನಾದ. ಆಯ್ಕೆಯ ಸಭೆಗೆ ಏಳು ಜನ ಬಂದಿದ್ದರು. ಆರು ಜನ ಆ ಹುದ್ದೆ ತಮಗೆ ಬೇಡವೆಂದರು. ಅಂದಿನಿಂದ ಆ ಚೀಟಿ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಐತಿಹಾಸಿಕ ಪಟ್ಟಣವೊಂದು ತನ್ನ ಅತಿಥಿಗಳನ್ನು ಹಸಿರು ಬಾಗಿಲಿಗೆ ಕಳಿಸುವುದು ಅವನಿಗೆ ಸರಿಕಾಣಲಿಲ್ಲ.

ಆ ದಿನ ಬರಲಿದ್ದ ಅತಿಥಿ ಸಾಮಾನ್ಯದವರಲ್ಲ. ನಮ್ಮ ಚರ್ಚಿನೊಳಗೆ ಐನೂರು ವರ್ಷ ಹಳೆಯ ಸಂತ ಅಂತೋನಿಯೊನ ಚಿತ್ರವಿದೆ. ಸಂತನ ಕಾಲ ಬಳಿ ಕೊರಳಿಗೆ ಗಂಟೆ ಕಟ್ಟಿಕೊಂಡ ಹಂದಿ ನಿಂತಿದೆ. ಓದಿದವರು ಸಂತನನ್ನು ನೋಡಲು ಬರುತ್ತಾರೆ. ಊರಿನವರಿಗೆ ಹಂದಿ ಮುಖ್ಯ. ಜಿಲ್ಲಾ ಕೇಂದ್ರದ ವಸ್ತುಸಂಗ್ರಹಾಲಯಕ್ಕೆ ಎರಡೂ ಬೇಕಾಗಿತ್ತು. ಬೀಗ ಹಾಕಿದ ಚರ್ಚಿನಲ್ಲಿ, ಯಾರ ಕಣ್ಣಿಗೂ ಬೀಳದೆ ಚಿತ್ರ ಇದ್ದು ಏನು ಪ್ರಯೋಜನ ಎಂಬುದು ಅವರ ವಾದ. ಅದನ್ನು ಪರಿಶೀಲಿಸಲು ಮೊರೆಸ್ಕಿ ಎಂಬ ಅಧಿಕಾರಿಣಿ ಹತ್ತು ಇಪ್ಪತ್ತರ ಬಸ್ಸಿಗೆ ಬಂದು, ಒಂದು ಗಂಟೆ ಐದು ನಿಮಿಷದ ಬಸ್ಸಿಗೆ ವಾಪಸಾಗುವವರಿದ್ದರು. ಮುಂದಿನ ಬಸ್ಸು ಮರುದಿನ. ಅವರ ಕೈಯಲ್ಲಿದ್ದ ನಮೂನೆಯಲ್ಲಿ ಮುಖ್ಯ ಪ್ರಶ್ನೆ ಒಂದೇ: ‘ಚಿತ್ರವು ಸಾರ್ವಜನಿಕರಿಗೆ ಕಾಣಲು ಸಿಗುತ್ತದೆಯೇ?’ ಇಲ್ಲ ಎಂದು ಬರೆದರೆ ನವೆಂಬರಿನಲ್ಲಿ ಲಾರಿ ಬರುತ್ತದೆ.

ಹೀಗಾಗಿ ಎವರಿಸ್ತೊ ಚೀಟಿ ಕಿತ್ತು, ಬಡಗಿ ನಜ್ಜರೇನೊನಿಂದ ಮಾಡಿಸಿದ ಮೆರುಗಿನ ಹಲಗೆಯನ್ನು ಹಾಕಿಸಿದ. ಹಲಗೆಯಲ್ಲಿ ಹೀಗಿತ್ತು: ‘ಸ್ವಾಗತ. ಐತಿಹಾಸಿಕ ಮೊಂತೆಸೋರ್ದೊ. ದರ್ಶನದ ವೇಳೆ 9ರಿಂದ 12, 4ರಿಂದ 6. ಎ. ಪೊಂಪೋನಿ, ಅಧ್ಯಕ್ಷ.’

“ಎಲ್ಲಿ ಹಾಕ್ಲಿ?” ಎಂದು ನಜ್ಜರೇನೊ ಕೇಳಿದ.

“ನಡುವೆ. ಸರಿಯಾಗಿ ನಡುವೆ. ಬಂದವರ ಕಣ್ಣಿಗೆ ಮೊದಲು ಅದೇ ಬೀಳ್ಬೇಕು. ಗಟ್ಟಿಯಾಗಿ ಹಾಕು, ಇಲ್ಲಿ ಗಾಳಿ ಜಾಸ್ತಿ.”

ನಜ್ಜರೇನೊ ಕೆಲಸದಲ್ಲಿ ಎರಡನೇ ಪ್ರಶ್ನೆ ಕೇಳುವವನಲ್ಲ. ಎಡಗಡೆ ಮೂರು, ಬಲಗಡೆ ಮೂರು, ಒಟ್ಟು ಆರು ಸ್ಕ್ರೂ ಹಾಕಿ ಏಳೂ ಮುಕ್ಕಾಲಿಗೆ ಮನೆಗೆ ಹೋದ. ಒಂದೊಂದು ಸ್ಕ್ರೂ ನಾಲ್ಕು ಬೆರಳು ಉದ್ದವಿತ್ತು.

ಮಂಗಳವಾರ ನಮ್ಮಲ್ಲಿ ಕಾಗದದ ಕಸದ ದಿನ. ಎವರಿಸ್ತೊ ಕಸ ಬೇರ್ಪಡಿಸುವುದರಲ್ಲಿ ಒಮ್ಮೆಯೂ ತಪ್ಪಿದವನಲ್ಲ. ಚೀಟಿಯನ್ನು ಕಾಗದದ ಚೀಲಕ್ಕೆ ಹಾಕಿ, ಚೀಲವನ್ನು ಬಾಗಿಲ ಹೊರಗಿಟ್ಟ. ಎಂಟು ಹತ್ತಕ್ಕೆ ಕಸದ ಗಾಡಿ ಬಂದು ಒಯ್ಯಿತು.

ಎಂಟು ಇಪ್ಪತ್ತಕ್ಕೆ ದಿನಸಿ ಅಂಗಡಿಯ ದಿರ್ಚೆ ಚರ್ಚಿನ ಮುಂದೆ ಹಾದುಹೋದಳು. ಎಂಟೂವರೆಗೆ ಎರ್ಸಿಲಿಯಾ ಅವರಿಗೆ ಚೀಟಿ ಹೋದದ್ದು ತಿಳಿಯಿತು. ಒಂಬತ್ತಕ್ಕೆ ಊರಿನಲ್ಲಿ ಹಬ್ಬಿದ್ದ ಸುದ್ದಿ ಹೀಗಿತ್ತು: ಅಧ್ಯಕ್ಷರು ಎರ್ಸಿಲಿಯತ್ತೆಯನ್ನು ಕೆಲಸದಿಂದ ತೆಗೆದಿದ್ದಾರೆ, ಕೀಲಿಕೈ ವಶಪಡಿಸಿಕೊಳ್ಳಲು ಜಿಲ್ಲಾ ಕೇಂದ್ರದಿಂದ ಒಬ್ಬ ಹೆಂಗಸು ಬರುತ್ತಿದ್ದಾಳೆ. ಒಂಬತ್ತೂವರೆಗೆ ಎರ್ಸಿಲಿಯಾ ಹಾಸಿಗೆ ಹಿಡಿದರು. ರಕ್ತದೊತ್ತಡ ನೂರಾ ತೊಂಬತ್ತು. ಅಳೆದವಳು ದಿರ್ಚೆ. ಅವಳ ಯಂತ್ರ ಇದುವರೆಗೆ ಯಾರಿಗೂ ನೂರಾ ಎಪ್ಪತ್ತಕ್ಕಿಂತ ಕಡಿಮೆ ತೋರಿಸಿದ ದಾಖಲೆಯಿಲ್ಲ.

ಬಸ್ಸು ಹತ್ತು ಇಪ್ಪತ್ತೆರಡಕ್ಕೆ ಬಂತು. ಎವರಿಸ್ತೊ ಕೋಟಿಗೆ ಅಧ್ಯಕ್ಷರ ಬಿಲ್ಲೆ ಸಿಕ್ಕಿಸಿಕೊಂಡು ನಿಂತಿದ್ದ. ಮೊರೆಸ್ಕಿ ಐವತ್ತರ ಆಸುಪಾಸಿನವರು, ಮಾತು ಕಡಿಮೆ, ಕಾಲಿಗೆ ನಡೆಯುವ ಬೂಟು.

“ಸಿನ್ಯೋರಾ, ಇದು ನಮ್ಮ ಕಾರಂಜಿ, ಹದಿನಾರನೇ ಶತಮಾನದ್ದು,” ಎಂದು ಎವರಿಸ್ತೊ ಶುರುಮಾಡಿದ.

“ಮೊದಲು ಚರ್ಚು ನೋಡ್ತೀನಿ. ಕೀಲಿಕೈ ಯಾರ ಹತ್ರ ಇರುತ್ತೆ?”

ಎವರಿಸ್ತೊ ಜೇಬಿಗೆ ಕೈ ಹಾಕಿದ. ಈ ಕ್ಷಣದವರೆಗೂ ಅವನು ಹಲಗೆಯ ಅಕ್ಷರ, ಬಣ್ಣ, ಮೆರುಗು ಎಲ್ಲದರ ಬಗ್ಗೆಯೂ ಯೋಚಿಸಿದ್ದ. ಕೀಲಿಕೈಯ ಬಗ್ಗೆ ಯೋಚಿಸಿರಲಿಲ್ಲ.

“ಅದು ನಮ್ಮ ಸಹಾಯಕರೊಬ್ಬರ ಹತ್ರ ಇದೆ,” ಎಂದ.

ಹಸಿರು ಬಾಗಿಲು ತೆರೆದೇ ಇತ್ತು. ಕಾಯಿಲೆಯವರ ಮನೆಯ ಬಾಗಿಲು ನಮ್ಮಲ್ಲಿ ಮುಚ್ಚುವುದಿಲ್ಲ. ಮಲಗುವ ಕೋಣೆಯಲ್ಲಿ ಒಂಬತ್ತು ಹೆಂಗಸರು ಗೋಡೆಯುದ್ದಕ್ಕೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಟ್ಟೆಯ ಪೆಟ್ಟಿಗೆಯ ಮೇಲೆ ಅವರು ತಂದ ಸಕ್ಕರೆ ಮತ್ತು ಕಾಫಿಪುಡಿಯ ಪೊಟ್ಟಣಗಳು ಸಾಲಾಗಿದ್ದವು. ಹಾಸಿಗೆಯಲ್ಲಿ ಎರ್ಸಿಲಿಯಾ ಗದ್ದದವರೆಗೆ ಹೊದ್ದು, ಗೋಡೆಯ ಕಡೆ ಮುಖ ಮಾಡಿದ್ದರು. ಕುರ್ಚಿಗಳಲ್ಲೊಂದರಲ್ಲಿ ಎವರಿಸ್ತೊನ ಹೆಂಡತಿ ಯೋಲೆ ಇದ್ದಳು.

“ಯೋಲೆ, ನೀನು ಇಲ್ಲೇನು ಮಾಡ್ತಿದೀಯ?”

“ಕಾಯಿಲೆ ಬಿದ್ದೋರ ಮನೇಲಿ ಕೂತಿದೀನಿ. ಬೀಳಿಸಿದೋರ ಮನೇಲಿ ಕೂತಿರ್ಲಾ?”

ಹೆಂಗಸರ ಕಣ್ಣು ಮೊರೆಸ್ಕಿಯವರ ಕೈಗಳ ಮೇಲಿತ್ತು. ಒಂದರಲ್ಲಿ ನಮೂನೆ, ಇನ್ನೊಂದರಲ್ಲಿ ಪೆನ್ನು.

“ಖಾಲಿ ಕೈಲಿ ಬಂದಿದಾರೆ,” ಎಂದಳು ದಿರ್ಚೆ, ಮೊರೆಸ್ಕಿ ಕಿವುಡಿಯೆಂಬಂತೆ. “ತಗೊಂಡು ಹೋಗೋಕೆ ಬಂದೋರು ತಂದು ಕೊಡ್ತಾರಾ?”

“ನಾನು ಬಂದಿರೋದು ಕೀಲಿಕೈ ಯಾರ ಹತ್ರ ಇದೆ, ಕೇಳಿದೋರಿಗೆ ಸಿಗುತ್ತಾ ಅಂತ ನೋಡೋಕೆ ಅಷ್ಟೆ,” ಎಂದರು ಮೊರೆಸ್ಕಿ.

ಇದು ಪೂರ್ತಿ ಸತ್ಯ. ಆದರೆ ಆ ಕೋಣೆಯಲ್ಲಿ ಇದಕ್ಕಿಂತ ಕೆಟ್ಟ ವಾಕ್ಯವನ್ನು ಆಡುವುದು ಸಾಧ್ಯವಿರಲಿಲ್ಲ.

“ಕೇಳಿದ್ರಲ್ಲ,” ಎಂದಳು ದಿರ್ಚೆ.

ಎವರಿಸ್ತೊ ಅವಳ ಕಿವಿಯ ಹತ್ತಿರ ಬಗ್ಗಿದ. “ದಿರ್ಚೆ, ಅಂಗಡಿ ತೆಗಿ. ಅವರ ಕೈಗೆ ಒಂದು ಸಕ್ಕರೆ ಪೊಟ್ಟಣ ಕೊಡಿಸ್ಬೇಕು.”

“ಅಂಗಡಿ ಮುಚ್ಚಿದೆ. ಕಾಯಿಲೆ ಮನೇಲಿದೀನಿ, ಕಾಣಲ್ವಾ?”

“ಅದಕ್ಕೇ ಸಕ್ಕರೆ ಬೇಕಾಗಿರೋದು.”

“ಸಕ್ಕರೆ ಬೇಕಾಗೋ ಹಾಗೆ ಮಾಡಿದೋರು ಯಾರು?”

ಹತ್ತು ಐವತ್ತಕ್ಕೆ ದಿರ್ಚೆ ಎದ್ದಳು. ಎವರಿಸ್ತೊ ಮೊರೆಸ್ಕಿಯವರನ್ನು ಕರೆದುಕೊಂಡು ಹಿಂದೆ ಹೋದ. ಅಂಗಡಿಗೆ ಹೋಗಿ ಬಾಗಿಲು ತೆಗೆದು, ಬಿಳಿ ಕೋಟು ತೊಟ್ಟು, ಗಲ್ಲಾದ ಹಿಂದೆ ನಿಂತು, “ಏನು ಬೇಕು?” ಎಂದಳು. ಎವರಿಸ್ತೊ ಒಂದು ಕಿಲೊ ಎಂದ. “ಒಂದಾ? ಅಧ್ಯಕ್ಷರು ಒಂದೇ ಕಿಲೊನಾ?” ಎಂದಳು. ಎರಡು ಕಿಲೊ ಸಕ್ಕರೆ, ಒಂದು ಪೊಟ್ಟಣ ಕಾಫಿಪುಡಿ ಆಯಿತು. ಅವಳು ಬಾಗಿಲೆಳೆದು, ಕೋಟು ಕಳಚಿ, ಅವರಿಗಿಂತ ಮುಂಚೆ ಹಸಿರು ಬಾಗಿಲು ಸೇರಿ ಕುರ್ಚಿಯಲ್ಲಿ ಕೂತಳು. ಮೊರೆಸ್ಕಿ ಒಳಗೆ ಬಂದಾಗ ಅವರ ಕೈಯಿಂದ ಸಕ್ಕರೆ ತೆಗೆದುಕೊಂಡು, “ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ,” ಎಂದಳು.

ತಂದವರನ್ನು ಕೂರಿಸಬೇಕು, ಕೂತವರಿಗೆ ಕಾಫಿ ಕೊಡಬೇಕು. ಮೊದಲ ಕಾಫಿ ಯೋಲೆಯದು. ಎರಡನೆಯದು ಯೋಲೆಯ ಕಾಫಿ ನೀರಾಗಿತ್ತು ಎಂಬ ಕಾರಣಕ್ಕೆ ದಿರ್ಚೆಯದು. ಅದು ಹೊಟ್ಟೆಗೆ ಭಾರವೆಂದು ಗುಡ್ಡದ ಬೇರಿನ ಕಹಿ ಮದ್ಯ ಒಂದು ಸಣ್ಣ ಲೋಟ. ಮೊರೆಸ್ಕಿ ಮೂರನ್ನೂ ಕುಡಿದರು. ಎರಡು ಬಾರಿ ಗಡಿಯಾರ ನೋಡಿದರು. ಹನ್ನೊಂದೂ ಕಾಲಾಗಿತ್ತು.

“ಎರ್ಸಿಲಿಯತ್ತೆ,” ಎಂದ ಎವರಿಸ್ತೊ, ಹಾಸಿಗೆಯ ಕಾಲ ಬಳಿ ನಿಂತು, “ಕೀಲಿಕೈ ಒಂದು ಹತ್ತು ನಿಮಿಷಕ್ಕೆ ಕೊಟ್ಟಿದ್ರೆ…”

ಗೋಡೆಯ ಕಡೆಯಿಂದ ಒಂದೇ ಮಾತು ಬಂತು. “ಚೀಟಿ.”

“ಅದು ಹಳೇದಾಗಿತ್ತು, ಅತ್ತೆ.”

“ಎಲ್ಲಿದೆ?”

“ಇವತ್ತು ಮಂಗಳವಾರ ನೋಡಿ,” ಎಂದ ಎವರಿಸ್ತೊ.

ಕುರ್ಚಿಗಳು ಕಿರುಗುಟ್ಟಿದವು. ಆ ಚೀಟಿಯನ್ನು ಬರೆದದ್ದು ಎರ್ಸಿಲಿಯಾ ಅವರ ಗಂಡ ಜಿಲ್ದೊ. ಅವನು ತೀರಿಕೊಂಡು ಒಂಬತ್ತು ವರ್ಷ. ಬದುಕಿನಲ್ಲಿ ಅವನು ಸಹಿ ಬಿಟ್ಟು ಬರೆದದ್ದು ಅದೊಂದೇ ಎಂದು ಯೋಲೆ ಗಂಡನಿಗೆ ಅಲ್ಲಿಯೇ ತಿಳಿಸಿದಳು.

“ಅಕ್ಷರ ಮಾಸಿ ಹೋಗಿತ್ತು,” ಎಂದ ಎವರಿಸ್ತೊ, ದನಿ ಸಣ್ಣದಾಗಿ.

“ನಾನೂ ಮಾಸಿದೀನಿ,” ಎಂದರು ಎರ್ಸಿಲಿಯಾ. “ಮುಂದಿನ ಮಂಗಳವಾರ ನನ್ನೂ ಹೊರಗಿಡು.”

ಎವರಿಸ್ತೊ ಹೊರಗೆ ಹೋಗಿ ಕಸದ ಗಾಡಿಯ ಚಾಲಕನಿಗೆ ಫೋನ್ ಮಾಡಿದ. ಗಾಡಿ ಅಷ್ಟರಲ್ಲಿ ಇನ್ನೂ ಮೂರು ಊರು ಮುಗಿಸಿತ್ತು.

“ಒಂದು ಚೀಟಿ ಬೇಕಾಗಿತ್ತು,” ಎಂದ ಎವರಿಸ್ತೊ.

“ಹಿಂದೆ ಎರಡು ಟನ್ ಇದೆ. ಯಾವ ಬಣ್ಣದ್ದು?”

“ಬಿಳಿ.”

ಚಾಲಕ ಫೋನ್ ಇಟ್ಟ.

ಹೊಸ ಚೀಟಿ ಬರೆಯುವುದೆಂದು ತೀರ್ಮಾನವಾಯಿತು. ಎವರಿಸ್ತೊ ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಬರೆದ ಕೈ. ಅಡುಗೆಮನೆಯ ಮೇಜಿಗೆ ಕೂತು ಬರೆದು ತಂದು ಓದಿದ: “‘ಚರ್ಚಿನ ಕೀಲಿಕೈಯನ್ನು ಅಪೇಕ್ಷಿಸುವ ಮಾನ್ಯ ಸಂದರ್ಶಕರು ಅಧ್ಯಕ್ಷರ ಪೂರ್ವಾನುಮತಿಯೊಂದಿಗೆ ಶ್ರೀಮತಿ ಎರ್ಸಿಲಿಯಾ ಇವರನ್ನು ಸಂಪರ್ಕಿಸತಕ್ಕದ್ದು.’”

“ಅಧ್ಯಕ್ಷರು ಯಾಕೆ ಬಂದ್ರು ಮಧ್ಯೆ?” ಎಂದಳು ಯೋಲೆ.

ಎರಡನೇ ಸಲ ಅಧ್ಯಕ್ಷರು ಕೊನೆಯ ಸಾಲಿಗೆ ಇಳಿದರು. ಮೂರನೇ ಸಲ ಕಂಸದೊಳಗೆ ಹೋದರು. ನಾಲ್ಕನೇ ಸಲ ಪೂರ್ತಿ ಹೊರಟುಹೋದರು, ಆದರೆ ಅಷ್ಟರಲ್ಲಿ ಹಸಿರು ಬಾಗಿಲು ಬಿಟ್ಟುಹೋಗಿತ್ತು. ಒಂಬತ್ತು ಹೆಂಗಸರೂ ಪ್ರತಿ ಸಲವೂ ಬೇರೆಬೇರೆ ತಿದ್ದುಪಡಿ ಸೂಚಿಸಿದರು. ಪಾದ್ರಿಗೆ ಫೋನ್ ಮಾಡಿ ಇನ್ನೊಂದು ಕೀಲಿಕೈ ಇದೆಯೇ ಎಂದು ಕೇಳಲಾಯಿತು. ಐದು ಊರಿನ ಚರ್ಚು ನೋಡಿಕೊಳ್ಳುವ ಅವರು ಅಂದು ಬೇರೊಂದು ಊರಿನ ಶವಸಂಸ್ಕಾರದಲ್ಲಿದ್ದರು. ನಮ್ಮ ಚರ್ಚಿಗೆ ತಾವೇ ಬಂದಾಗಲೂ ಹಸಿರು ಬಾಗಿಲು ತಟ್ಟುವುದೆಂದು ಪಿಸುದನಿಯಲ್ಲಿ ಹೇಳಿ ಫೋನ್ ಇಟ್ಟರು. ಹನ್ನೆರಡೂವರೆಯಾಯಿತು.

“ಚರ್ಚಿಗೆ ಪಕ್ಕದ ಬಾಗಿಲು ಇಲ್ವಾ?” ಎಂದು ಮೊರೆಸ್ಕಿ ಕೇಳಿದರು. ಅದು ಅವರ ಎರಡನೇ ಪ್ರಶ್ನೆ.

“ಇತ್ತು. ಭೂಕಂಪ ಆದ ವರ್ಷ ಇಟ್ಟಿಗೆ ಕಟ್ಟಿ ಮುಚ್ಚಿದ್ರು,” ಎಂದ ಎವರಿಸ್ತೊ.

ಮೊರೆಸ್ಕಿ ಪೆನ್ನಿನ ಮುಚ್ಚಳ ತೆಗೆದರು. ಆ ಪೆನ್ನಿನಿಂದ ‘ಇಲ್ಲ’ ಎಂಬ ಎರಡಕ್ಷರ ಬಿದ್ದರೆ ಸಂತನೂ ಹಂದಿಯೂ ಲಾರಿ ಹತ್ತುತ್ತವೆ; ಹತ್ತಿಸಿದವನೆಂದು ಎವರಿಸ್ತೊನ ಹೆಸರು ಊರಿನಲ್ಲಿ ಇನ್ನು ಐನೂರು ವರ್ಷ ಉಳಿಯುತ್ತದೆ. ಅವನು ಬಯಸಿದ್ದ ಹೆಸರು ಅದಲ್ಲ.

ಮೊರೆಸ್ಕಿ ಕುರ್ಚಿಯನ್ನು ಹಾಸಿಗೆಯ ಹತ್ತಿರ ಎಳೆದುಕೊಂಡರು.

“ಇಲ್ಲಿ ಒಂದು ಜಾಗ ಇದೆ,” ಎಂದರು. “‘ಬಾಗಿಲು ತೆರೆಯುವ ಹೊಣೆ ಯಾರದು?’ ಏನು ಬರೀಲಿ?”

ಎವರಿಸ್ತೊ ಬಾಯಿ ತೆರೆದ. ಯೋಲೆ ಅವನ ಕೋಟಿನ ತುದಿ ಹಿಡಿದೆಳೆದಳು. ಅವನು ಬಾಯಿ ಮುಚ್ಚಿದ. ಜೂನ್ ತಿಂಗಳಿಂದ ಈಚೆಗೆ ಅಧ್ಯಕ್ಷನಾಗಿ ಅವನು ಮಾಡಿದ ಮೊದಲ ಉಪಯುಕ್ತ ಕೆಲಸ ಇದು.

“ಎರ್ಸಿಲಿಯಾ,” ಎಂದಿತು ಗೋಡೆಯ ಕಡೆಯ ದನಿ.

ಮೊರೆಸ್ಕಿ ಬರೆದರು.

“ಓದಿ.”

ಓದಿದರು.

“ಹಸಿರು ಬಾಗಿಲು ಅಂತಾನೂ ಬರೀರಿ.”

“ಅದಕ್ಕೆ ಇದರಲ್ಲಿ ಜಾಗ ಇಲ್ಲ, ಸಿನ್ಯೋರಾ.”

“ಹಾಗಾದ್ರೆ ಕೀಲಿಕೈನೂ ಇಲ್ಲ.”

ಮೊರೆಸ್ಕಿ ನಮೂನೆಯನ್ನು ಅಡ್ಡ ತಿರುಗಿಸಿ, ಅಂಚಿನ ಬಿಳಿಯಲ್ಲಿ ಬರೆದು, ತೋರಿಸಿದರು. ಎರ್ಸಿಲಿಯಾ ಕನ್ನಡಕ ಹಾಕಿಕೊಂಡು ಓದಿದರು. ಆಮೇಲೆ ಹೊದಿಕೆ ಸರಿಸಿ ಎದ್ದು ನಿಂತರು. ಒಳಗೆ ಅವರು ಪೂರ್ತಿ ಉಡುಪಿನಲ್ಲಿದ್ದರು. ಕಾಲಿಗೆ ಬೂಟು ಕೂಡ ಇತ್ತು. ಕೀಲಿಕೈ ಏಪ್ರನ್ನಿನ ಜೇಬಿನಲ್ಲಿತ್ತು.

“ಒತ್ತಡ ನೋಡ್ಲಾ, ಅತ್ತೆ?” ಎಂದಳು ದಿರ್ಚೆ.

“ನಿನ್ನದು ನೋಡ್ಕೋ,” ಎಂದರು ಎರ್ಸಿಲಿಯಾ.

ಸಮಯ ಹನ್ನೆರಡು ನಲವತ್ತಾರು. ಹದಿನಾಲ್ಕು ಮೆಟ್ಟಿಲಿನ ಮೇಲೆ ಹನ್ನೆರಡು ಜನ ಒಬ್ಬರ ಹಿಂದೆ ಒಬ್ಬರು ಹತ್ತಿದರು. ಎರ್ಸಿಲಿಯಾ ಹಲಗೆಯನ್ನು ನೋಡಿಯೂ ನೋಡದವರಂತೆ ಅದರ ಕೆಳಗೆ ಕೀಲಿಕೈ ತೂರಿಸಿ ಎರಡು ಸುತ್ತು ತಿರುಗಿಸಿದರು. ಬೀಗ ಟಕ್ಕೆಂದಿತು. ಬಾಗಿಲು ನೂಕಿದರು.

ಬಾಗಿಲು ಅಲುಗಲಿಲ್ಲ.

ಎವರಿಸ್ತೊ ನೂಕಿದ. ದಿರ್ಚೆ ನೂಕಿದಳು. ಇಬ್ಬರೂ ಸೇರಿ ನೂಕಿದರು. ಹಲಗೆ ಸ್ವಲ್ಪ ಕಿರುಗುಟ್ಟಿತು. ಮೊರೆಸ್ಕಿ ಎರಡು ಹೆಜ್ಜೆ ಹಿಂದೆ ಸರಿದು ಹಲಗೆಯನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು.

“ಇದನ್ನ ಎರಡು ಕದಕ್ಕೂ ಸೇರಿಸಿ ಹೊಡೆದಿದಾರೆ,” ಎಂದರು.

‘ಸ್ವಾಗತ’ದ ಮೊದಲ ಅರ್ಧ ಎಡಗಡೆ ಕದದ ಮೇಲಿತ್ತು. ಉಳಿದರ್ಧ ಬಲಗಡೆ ಕದದ ಮೇಲಿತ್ತು. ನಡುವೆ ಎರಡನ್ನೂ ಬಿಗಿಯಾಗಿ ಹಿಡಿದುಕೊಂಡು ಊರಿನ ಹೆಸರಿತ್ತು.

ಎವರಿಸ್ತೊ ನಜ್ಜರೇನೊನ ಮನೆಗೆ ಓಡಿದ. ಕಾರಂಜಿಯ ಬಳಿ ನಿಂತು ನೋಡುತ್ತಿದ್ದ ನಾನೂ ಹಿಂದೆ ಹೋದೆ. ಈ ಭಾಗವನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ನಜ್ಜರೇನೊ ಕೊರಳಿಗೆ ಬಟ್ಟೆ ಸಿಕ್ಕಿಸಿಕೊಂಡು, ಬೀನ್ಸ್ ಕಾಳು ಹಾಕಿದ ಪಾಸ್ತಾದ ತಟ್ಟೆಯ ಮುಂದೆ ಕೂತಿದ್ದ.

“ಸ್ಕ್ರೂ ತೆಗೀಬೇಕು. ಈಗಲೇ.”

“ಊಟ ಮಾಡ್ತಿದೀನಿ.”

“ಬಾಗಿಲು ತೆಗಿಯೋಕೆ ಆಗ್ತಿಲ್ಲ, ಮಹರಾಯ.”

“ನೀವು ನಡುವೆ ಅಂದ್ರಿ. ಗಟ್ಟಿಯಾಗಿ ಅಂದ್ರಿ. ಬಾಗಿಲು ತೆಗಿಯೋ ಹಾಗೆ ಇರ್ಬೇಕು ಅಂತ ಅನ್ಲಿಲ್ಲ.”

“ಯಾವ ಬಾಗಿಲಾದ್ರೂ ತೆಗಿಯೋಕೇ ಅಲ್ವೇನೋ ಇರೋದು?”

ನಜ್ಜರೇನೊ ಚಮಚ ಕೆಳಗಿಟ್ಟು ಇದನ್ನು ಪ್ರಾಮಾಣಿಕವಾಗಿ ಯೋಚಿಸಿದ. “ಚರ್ಚಿಂದು ನನಗೆ ಗೊತ್ತಿಲ್ಲ. ಮೂರು ಗಂಟೆಗೆ ಬರ್ತೀನಿ,” ಎಂದು ಚಮಚ ಎತ್ತಿಕೊಂಡ.

ಚರ್ಚಿನ ಮುಂದೆ ದಿರ್ಚೆ ಅಷ್ಟರಲ್ಲಿ ಚೀಸ್ ಕೊಯ್ಯುವ ಚಾಕುವಿನ ತುದಿಯನ್ನು ಮೊದಲ ಸ್ಕ್ರೂವಿನಲ್ಲಿ ಮುರಿದಿದ್ದಳು. ಕೆಳಗೆ ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳಿಸಿತು. ಹನ್ನೆರಡು ಐವತ್ತೇಳು. ಬರಿಗೈಲಿ ವಾಪಸು ಬಂದ ಎವರಿಸ್ತೊ ಕಾರಂಜಿಯ ಕಟ್ಟೆಯ ಮೇಲೆ ಕೂತು ಕೋಟಿನ ಬಿಲ್ಲೆ ಬಿಚ್ಚಿ ಜೇಬಿಗೆ ಹಾಕಿಕೊಂಡ. ಮೊರೆಸ್ಕಿ ನಮೂನೆಯನ್ನು ಮೊಣಕಾಲ ಮೇಲಿಟ್ಟು, ಆ ಪ್ರಶ್ನೆಯ ಮುಂದಿನ ಖಾಲಿ ಜಾಗವನ್ನು ನೋಡುತ್ತಿದ್ದರು.

ಎರ್ಸಿಲಿಯಾ ಬೀಗದಿಂದ ಕೀಲಿಕೈ ಹೊರಗೆಳೆದರು.

“ಇಲ್ಲಿ ಬನ್ನಿ,” ಎಂದರು. “ಬಗ್ಗಿ. ಎಡಗಣ್ಣು ಇಡಿ. ಬಲಗಣ್ಣಾದ್ರೆ ಕಂಬ ಅಡ್ಡ ಬರುತ್ತೆ.”

ಮೊರೆಸ್ಕಿ ಕಲ್ಲಿನ ಮೇಲೆ ಮೊಣಕಾಲೂರಿ, ಹೆಬ್ಬೆರಳು ತೂರುವಷ್ಟು ದೊಡ್ಡದಾದ ಕೀಲಿಕಿಂಡಿಗೆ ಕಣ್ಣಿಟ್ಟರು.

“ಕತ್ತಲು.”

“ತಾಳಿ. ದಕ್ಷಿಣದ ಗೋಡೇಲಿ ದುಂಡು ಕಿಟಕಿ ಇದೆ. ಬಿಸಿಲು ಈಗ ಸರಿಯುತ್ತೆ.”

ಹೆಂಗಸರು ತಲೆಯೆತ್ತಿ ಸೂರ್ಯನನ್ನು ನೋಡಿದರು.

“ಏನೋ ಕಾಣ್ತಿದೆ,” ಎಂದರು ಮೊರೆಸ್ಕಿ. “ಕಿವಿ.”

“ಸಂತಂದಲ್ಲ ಅದು,” ಎಂದಳು ಯೋಲೆ.

“ಈಗ ಮೂತಿ.”

“ಗಂಟೆ?” ಎಂದರು ಎರ್ಸಿಲಿಯಾ. “ಕೊರಳ ಹತ್ರ ನೋಡಿ. ಗಂಟೆ ಕಂಡ್ರಾ?”

ಸ್ವಲ್ಪ ಹೊತ್ತು ಹಿಡಿಯಿತು.

“ಕಂಡೆ. ಹಳದಿ ಗಂಟೆ.”

“ಈ ಊರಲ್ಲಿ ಹುಟ್ಟಿದೋರೆಲ್ಲ ಮೊದಲು ಹಂದಿನ ನೋಡಿದ್ದು ಇಲ್ಲಿಂದಾನೇ. ಕೀಲಿಕೈ ಕೇಳೋಕೆ ನನ್ನ ಹತ್ರ ಹೆದರಿಕೆ ಮಕ್ಕಳಿಗೆ,” ಎಂದರು ಎರ್ಸಿಲಿಯಾ. “ನೀನೂ ಇಲ್ಲೇ ನೋಡಿದ್ದು, ಎವರಿಸ್ತೊ. ಆಗಿನ್ನೂ ಕೀಲಿಕೈ ನಮ್ಮಮ್ಮನ ಹತ್ರ ಇತ್ತು. ಮೂಗಲ್ಲಿ ಸಿಂಬಳ ಇತ್ತು ನಿನಗೆ.”

ಮೊರೆಸ್ಕಿ ಎದ್ದು ಮೊಣಕಾಲು ಒರೆಸಿಕೊಂಡು, ನಿಂತಲ್ಲೇ ಬರೆದರು. ಬರೆದದ್ದನ್ನು ಯಾರೂ ಕೇಳದೆಯೇ ಓದಿ ಹೇಳಿದರು: “‘ಚಿತ್ರವು ಸಾರ್ವಜನಿಕರಿಗೆ ಕಾಣಲು ಸಿಗುತ್ತದೆಯೇ? ಹೌದು. ಬಾಗಿಲು ಮುಚ್ಚಿದ್ದಾಗಲೂ. ಹಂದಿ ಮಾತ್ರ.’”

ಬಸ್ಸು ಒಂದು ಗಂಟೆ ಆರು ನಿಮಿಷಕ್ಕೆ ಹೊರಟಿತು. ಕಾಯಿಸಿದವಳು ದಿರ್ಚೆ, ಬಸ್ಸಿನ ಮುಂದೆ ನಿಂತು. ಮನೆಗೆ ಬಂದವರನ್ನು ಖಾಲಿ ಕೈಯಲ್ಲಿ ಕಳಿಸಬಾರದೆಂದು ಎರ್ಸಿಲಿಯಾ ಮೊರೆಸ್ಕಿಯವರಿಗೆ ಒಂದು ಕಿಲೊ ಸಕ್ಕರೆ ಕೊಟ್ಟರು. ಅದು ಅವರೇ ತಂದದ್ದು.

ಮೂರು ಗಂಟೆಗೆ ಸರಿಯಾಗಿ ನಜ್ಜರೇನೊ ಬಂದು ಆರೂ ಸ್ಕ್ರೂ ತೆಗೆದ. ಚಿತ್ರ ಇದ್ದಲ್ಲೇ ಇದೆ. ಬಾಗಿಲಿಗೆ ಈಗ ಎರಡು ಸಾಲಿನ ಚೀಟಿಯಿದೆ. ಮೊರೆಸ್ಕಿ ಬಸ್ಸಿನಲ್ಲಿ ಕೂತು ಬರೆದು ಮರುದಿನದ ಅಂಚೆಗೆ ಹಾಕಿದ್ದು. ಅದನ್ನು ಎಡಗಡೆ ಕದಕ್ಕೆ ಮಾತ್ರ ಅಂಟಿಸಲಾಗಿದೆ. ಹಲಗೆಯನ್ನು ಎವರಿಸ್ತೊ ಮನೆಗೆ ಹೊತ್ತುಕೊಂಡು ಹೋದ. ಯೋಲೆ ಅದನ್ನು ಕೋಳಿಗೂಡಿಗೆ ಬಾಗಿಲು ಮಾಡಿದಳು.